ಟ್ಯಾಪೆಟ್ ಶಬ್ದ ನಿಂತ ಮೇಲೆ ಹೆರಾಲ್ಡ್ ಕಾರು ಏಕೆ ಸೊರಗಿತು?

ಪ್ರಶ್ನೆ: ಬಸವನಗುಡಿಯ ನಮ್ಮ ಮನೆಯಲ್ಲಿ ತಂದೆಯವರು ಕೊಂಡಿದ್ದ 1966ರ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಇದೆ. ಭಾನುವಾರಗಳಂದು ಮಾತ್ರ ಓಡಿಸುತ್ತೇನೆ. ಟ್ಯಾಪೆಟ್ ಶಬ್ದ ಜಾಸ್ತಿಯಾಗಿದ್ದರಿಂದ ಒಂದು ಗ್ಯಾರೇಜಿಗೆ ಕೊಟ್ಟಿದ್ದೆ. ಎಂಜಿನ್ ಓಡುತ್ತಿರುವಾಗಲೇ ಕಿವಿಗೊಟ್ಟು ಕೇಳುತ್ತಾ ಸ್ಕ್ರೂಗಳನ್ನು ಬಿಗಿ ಮಾಡಿ ಶಬ್ದ ನಿಲ್ಲಿಸಿಕೊಟ್ಟರು. ಈಗ ಎಂಜಿನ್ ಸದ್ದಿಲ್ಲದೆ ಓಡುತ್ತದೆ, ಆದರೆ ಐಡ್ಲಿಂಗ್‌ನಲ್ಲಿ ನಡುಗುತ್ತದೆ, ಸೈಲೆನ್ಸರ್‌ನಲ್ಲಿ ಆಗಾಗ ಪಟ್ ಎನ್ನುತ್ತದೆ, ನಂದಿ ಬೆಟ್ಟ ಹತ್ತುವಾಗ ಮೊದಲಿನ ಪಿಕಪ್ ಇಲ್ಲ. ಸರಿಯಾದ ಗ್ಯಾಪ್ ಎಷ್ಟು? ಎಂಜಿನ್ ಬಿಸಿಯಿದ್ದಾಗ ಇಡಬೇಕೋ ತಣ್ಣಗಿದ್ದಾಗಲೋ? ಮನೆಯಲ್ಲೇ ಮಾಡಿಕೊಳ್ಳಬಹುದೇ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಿಗೂ ಮೊದಲು ನೇರವಾಗಿ ಉತ್ತರಿಸುತ್ತೇನೆ. ಹೆರಾಲ್ಡ್ ಕಾರಿನ 948 ಸಿ.ಸಿ. ಎಂಜಿನ್ನಿಗೆ ಗಾಳಿ-ಪೆಟ್ರೋಲ್ ಒಳಬಿಡುವ ಇನ್‌ಲೆಟ್ ಮತ್ತು ಹೊಗೆ ಹೊರಬಿಡುವ ಎಕ್ಸಾಸ್ಟ್ ಎರಡೂ ವಾಲ್ವ್‌ಗಳ ಗ್ಯಾಪ್ 0.010 ಇಂಚು, ಅಂದರೆ ಮೆಕ್ಯಾನಿಕ್‌ಗಳ ಮಾತಿನಲ್ಲಿ ಹತ್ತು ಥೌ, ಮಿಲಿಮೀಟರಿನಲ್ಲಿ 0.25. ಇದನ್ನು ಎಂಜಿನ್ ಪೂರ್ತಿ ತಣ್ಣಗಿರುವಾಗ ಇಡಬೇಕು. ಕೈಯಲ್ಲಿ ಸ್ಪ್ಯಾನರ್ ಹಿಡಿದು ಅಭ್ಯಾಸವಿರುವ ಯಾರೇ ಆದರೂ ಇದನ್ನು ಮನೆಯ ಅಂಗಳದಲ್ಲೇ ಮಾಡಬಹುದು. ಮುಂಭಾಗದ ಮಡ್‌ಗಾರ್ಡ್ ಸಮೇತ ಇಡೀ ಬಾನೆಟ್ ಮುಂದಕ್ಕೆ ವಾಲಿಕೊಳ್ಳುವ ಹೆರಾಲ್ಡ್‌ನಲ್ಲಿ ಎಂಜಿನ್ ಮೂರು ಕಡೆಯಿಂದಲೂ ಕೈಗೆ ಸಿಗುವುದರಿಂದ ಈ ಕೆಲಸಕ್ಕೆ ಅದಕ್ಕಿಂತ ಅನುಕೂಲವಾದ ಕಾರು ಸಿಗುವುದು ಕಷ್ಟ. ಆದರೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಈ ಗ್ಯಾಪ್ ಇರುವುದು ಶಬ್ದವನ್ನು ಅಡಗಿಸುವುದಕ್ಕಲ್ಲ, ವಾಲ್ವ್ ತನ್ನ ಸೀಟಿನ ಮೇಲೆ, ಅಂದರೆ ಮುಚ್ಚಿದಾಗ ಅದು ಕೂರುವ ಅಂಚಿನ ಮೇಲೆ, ಪೂರ್ತಿಯಾಗಿ ಕೂರುವುದಕ್ಕೆ. ನಿಮ್ಮ ಕಾರಿಗೆ ಆಗಿರುವ ತೊಂದರೆಯೆಲ್ಲ ಈ ಎರಡನ್ನು ಅದಲುಬದಲು ಮಾಡಿದ್ದರಿಂದ ಬಂದಿದೆ ಎಂಬುದು ನೀವು ಬರೆದಿರುವ ಲಕ್ಷಣಗಳಿಂದಲೇ ಬಹುಮಟ್ಟಿಗೆ ಗೊತ್ತಾಗುತ್ತದೆ. ಗ್ಯಾಪ್ ಸರಿಪಡಿಸುವ ತನಕ ದಯವಿಟ್ಟು ಕಾರನ್ನು ಬೆಟ್ಟಕ್ಕೂ ಹೈವೇಗೂ ಒಯ್ಯಬೇಡಿ.

ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕ್ಯಾಮ್ ಶಾಫ್ಟ್ ತಿರುಗಿದಂತೆ ಅದರ ಉಬ್ಬು ಟ್ಯಾಪೆಟ್ಟನ್ನು ಮೇಲಕ್ಕೆ ಒತ್ತುತ್ತದೆ, ಟ್ಯಾಪೆಟ್ ಪುಶ್ ರಾಡನ್ನು ಎತ್ತುತ್ತದೆ, ಪುಶ್ ರಾಡ್ ರಾಕರಿನ ಒಂದು ತುದಿಯನ್ನು ಎತ್ತಿದಾಗ ಇನ್ನೊಂದು ತುದಿ ವಾಲ್ವನ್ನು ಕೆಳಕ್ಕೆ ಅದುಮಿ ತೆರೆಯುತ್ತದೆ. ಉಬ್ಬು ಸರಿದುಹೋದ ಮೇಲೆ ಸ್ಪ್ರಿಂಗ್ ವಾಲ್ವನ್ನು ಎಳೆದು ಸೀಟಿಗೆ ಕೂರಿಸುತ್ತದೆ. ಆ ಹೊತ್ತಿನಲ್ಲಿ ರಾಕರಿನ ತುದಿಗೂ ವಾಲ್ವಿನ ಕಾಂಡದ ತಲೆಗೂ ನಡುವೆ ಉಳಿಯುವ ಕೂದಲೆಳೆಯಷ್ಟು ಜಾಗವೇ ನಾವು ಹೇಳುತ್ತಿರುವ ಗ್ಯಾಪ್. ಎಂಜಿನ್ ಬಿಸಿಯಾದಾಗ ವಾಲ್ವಿನ ಕಾಂಡ ಉದ್ದವಾಗುತ್ತದೆ. ಜಾಗವಿದ್ದರೆ ಆ ಹಿಗ್ಗುವಿಕೆ ಅದರಲ್ಲಿ ಅಡಗುತ್ತದೆ, ಜಾಗವಿಲ್ಲದಿದ್ದರೆ ಕಾಂಡದ ತಲೆ ರಾಕರಿಗೆ ತಾಗಿ ನಿಂತು ವಾಲ್ವ್ ಸೀಟಿನಿಂದ ತುಸು ಎದ್ದೇ ಇರುತ್ತದೆ.

ತುಸು ಎದ್ದಿದ್ದರೆ ಏನು ಮಹಾ ಎಂದು ತೋರಬಹುದು. ಎಕ್ಸಾಸ್ಟ್ ವಾಲ್ವಿನ ತಲೆ ಪೂರ್ಣ ಹೊರೆಯಲ್ಲಿ 700 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯುತ್ತದೆ. ಅಷ್ಟು ಕಾದರೂ ಅದು ಸುಟ್ಟುಹೋಗದೆ ಉಳಿಯುವುದು ಮುಚ್ಚಿಕೊಂಡಿರುವ ಅವಧಿಯಲ್ಲಿ ತನ್ನ ಶಾಖದ ಬಹುಪಾಲನ್ನು ಸೀಟಿನ ಮೂಲಕ ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ಡಿಗೂ ಅಲ್ಲಿಂದ ನೀರಿಗೂ ದಾಟಿಸುವುದರಿಂದ. ಎಂಜಿನ್ 2000 ಆರ್.ಪಿ.ಎಂ.ನಲ್ಲಿ ತಿರುಗುತ್ತಿರುವಾಗ ಪ್ರತಿ ವಾಲ್ವ್ ನಿಮಿಷಕ್ಕೆ 1000 ಬಾರಿ ತೆರೆದು ಮುಚ್ಚುತ್ತದೆ, ಪ್ರತಿ ಸಲವೂ ಸೀಟಿಗೆ ತಾಗಿರುವ ಆ ಅತಿ ಚಿಕ್ಕ ಕಾಲವೇ ಅದರ ವಿಶ್ರಾಂತಿ. ಗ್ಯಾಪ್ ಇಲ್ಲದಿದ್ದರೆ ಆ ವಿಶ್ರಾಂತಿ ತಪ್ಪುತ್ತದೆ, ಸಾಲದ್ದಕ್ಕೆ ಉರಿಯುತ್ತಿರುವ ಅನಿಲ ಆ ಸಂದಿನಿಂದ ಬಿರುಸಾಗಿ ನುಗ್ಗಿ ವಾಲ್ವಿನ ಅಂಚನ್ನು ಕೊರೆಯುತ್ತದೆ. ಗ್ಯಾರೇಜಿನಲ್ಲಿ ನಿಂತು ಐಡ್ಲಿಂಗ್ ಆಗುತ್ತಿರುವ ಎಂಜಿನ್ನಿನಲ್ಲಿ ವಾಲ್ವ್ ಅಷ್ಟೊಂದು ಕಾದಿರುವುದಿಲ್ಲ. ಅಲ್ಲಿ ಕಿವಿಗೆ ಕೇಳಿಸದಷ್ಟು ಗ್ಯಾಪ್ ಕಡಿಮೆ ಮಾಡಿಬಿಟ್ಟರೆ, ನಂದಿಯ ತಿರುವುಗಳಲ್ಲಿ ಎರಡನೇ ಗೇರಿನಲ್ಲಿ ಎಂಜಿನ್ ಹೊರೆ ಎಳೆಯುವಾಗ ಅದೇ ವಾಲ್ವ್ ಇನ್ನಷ್ಟು ಉದ್ದವಾಗಿ ಸೀಟು ಬಿಟ್ಟು ನಿಲ್ಲುತ್ತದೆ. ನಿಮ್ಮ ಕಾರು ಬೆಟ್ಟದಲ್ಲೇ ಸೊರಗುತ್ತಿರುವುದಕ್ಕೆ ಕಾರಣ ಇದು.

ಗ್ಯಾಪ್ ಜಾಸ್ತಿಯಾದರೂ ನಷ್ಟವಿದೆ: ವಾಲ್ವ್ ತಡವಾಗಿ ತೆರೆದು ಬೇಗ ಮುಚ್ಚುತ್ತದೆ, ತೆರೆಯುವ ಎತ್ತರವೂ ಕಡಿಮೆಯಾಗುತ್ತದೆ, ರಾಕರ್ ಪ್ರತಿ ಸಲ ಬಡಿಯುವುದರಿಂದ ಸವೆತ ಹೆಚ್ಚುತ್ತದೆ. ಆದರೆ ಎರಡು ಥೌ ಹೆಚ್ಚಿದ್ದರೆ ಶಬ್ದವಷ್ಟೇ ಕಾಡುತ್ತದೆ, ಕಡಿಮೆ ಮಾಡುತ್ತಾ ಹೋದರೆ ಹೆಡ್ ಇಳಿಸುವ ಖರ್ಚು ಬರುತ್ತದೆ. ಹಾಗಾಗಿ ಈ ಕಾಲದ ಎಂಜಿನ್ನುಗಳಲ್ಲಿ ಹೊಲಿಗೆ ಯಂತ್ರ ಓಡಿದಂಥ ಒಂದು ಹದವಾದ, ಸಮನಾದ ಟಿಕಟಿಕ ಕೇಳಿಸುತ್ತಿದ್ದರೆ ಅದನ್ನು ಆರೋಗ್ಯದ ಲಕ್ಷಣವೆಂದೇ ತಿಳಿಯಿರಿ. ಎಂಟು ವಾಲ್ವ್‌ಗಳಲ್ಲಿ ಒಂದೇ ಒಂದು ಬೇರೆಯಾಗಿ ಬಡಿಯುತ್ತಿದ್ದರೆ ಮಾತ್ರ ಅದರ ಹಿಂದೆ ಹೋಗಬೇಕು.

ಬಿಸಿಯೋ ತಣ್ಣಗೋ ಎಂಬ ಪ್ರಶ್ನೆಗೆ ತಯಾರಕರ ಕೈಪಿಡಿ ಏನು ಹೇಳುತ್ತದೋ ಅದೇ ಅಂತಿಮ, ಏಕೆಂದರೆ ಅವರು ಕೊಟ್ಟ ಅಂಕಿಯೂ ಅವರು ಹೇಳಿದ ಸ್ಥಿತಿಯೂ ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಮಾರಿಸ್ ಮೈನರ್ ಮತ್ತು ಮಿನಿ ಕಾರುಗಳ ಎ-ಸೀರೀಸ್ ಎಂಜಿನ್ನಿಗೆ 12 ಥೌ, ಎಂ.ಜಿ.ಬಿ.ಗೆ 15 ಥೌ. ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಾಕಬಾರದು. ಹೆಡ್ ಯಾವ ಲೋಹದ್ದು ಎಂಬುದೂ ಮುಖ್ಯ. ಹೆರಾಲ್ಡ್‌ನಲ್ಲಿ ಬ್ಲಾಕ್ ಮತ್ತು ಹೆಡ್ ಎರಡೂ ಎರಕದ ಕಬ್ಬಿಣದವು. ಫಿಯಟ್ 1100ರಲ್ಲಿ ಹೆಡ್ ಅಲ್ಯೂಮಿನಿಯಮ್ಮಿನದು, ಅದು ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಬಿಸಿಯಾದಾಗ ಅಲ್ಲಿನ ಗ್ಯಾಪ್ ವರ್ತಿಸುವ ರೀತಿಯೇ ಬೇರೆ. ಇನ್ನು ತಣ್ಣಗೆ ಎಂದರೆ ಎಷ್ಟು ತಣ್ಣಗೆ? ಬೆಂಗಳೂರಿನ ಜನವರಿಯ ಬೆಳಗಿಗೂ ಏಪ್ರಿಲ್ ಬೆಳಗಿಗೂ ಹತ್ತು ಡಿಗ್ರಿ ವ್ಯತ್ಯಾಸವಿದ್ದರೂ ಆತಂಕ ಬೇಡ, ಬ್ಲಾಕು, ಹೆಡ್ಡು, ಪುಶ್ ರಾಡು ಎಲ್ಲವೂ ಒಂದೇ ತಾಪಮಾನದಲ್ಲಿದ್ದರೆ ಈ ಎಂಜಿನ್ನಿನಲ್ಲಿ ಗ್ಯಾಪ್ ಹೆಚ್ಚೂಕಡಿಮೆ ಬದಲಾಗುವುದಿಲ್ಲ. ತೊಂದರೆ ಕೊಡುವುದು ಅರ್ಧಂಬರ್ಧ ಬಿಸಿ. ಹಿಂದಿನ ರಾತ್ರಿ ನಿಲ್ಲಿಸಿದ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡದೆ, ಗೇಟಿನಿಂದ ಅಂಗಳಕ್ಕೆ ತರಬೇಕಿದ್ದರೂ ತಳ್ಳಿಕೊಂಡೇ ತಂದು, ಕೆಲಸ ಶುರು ಮಾಡಿ.

ಸಾಮಾನು ಹೆಚ್ಚೇನೂ ಬೇಕಿಲ್ಲ. ಎಸ್.ಪಿ. ರಸ್ತೆಯ ಟೂಲ್ ಅಂಗಡಿಗಳಲ್ಲಿ ಸಿಗುವ, ಸಂದು ಅಳೆಯುವ ತೆಳು ಬ್ಲೇಡುಗಳ ಫೀಲರ್ ಗೇಜ್, ತುದಿ ಸವೆಯದ ಒಂದು ಸ್ಕ್ರೂ ಡ್ರೈವರ್, ಲಾಕ್ ನಟ್ಟಿಗೆ ಸರಿಯಾಗಿ ಕೂರುವ ಎ.ಎಫ್. (ಇಂಚಿನ) ಅಳತೆಯ ರಿಂಗ್ ಸ್ಪ್ಯಾನರ್ ಸಾಕು. ಮಿಲಿಮೀಟರ್ ಸ್ಪ್ಯಾನರ್ ಹಾಕಿ ನಟ್ಟಿನ ಮೂಲೆಗಳನ್ನು ಉರುಟು ಮಾಡಬೇಡಿ. ರಾಕರ್ ಕವರಿನ ಹೊಸ ಕಾರ್ಕ್ ಗ್ಯಾಸ್ಕೆಟ್ ಒಂದನ್ನು ಜೆ.ಸಿ. ರಸ್ತೆಯಿಂದ ಮೊದಲೇ ತಂದಿಟ್ಟುಕೊಳ್ಳಿ, ಹಳೆಯದು ಒಣಗಿ ಮುರಿಯುವುದೇ ಹೆಚ್ಚು. ಫೀಲರ್ ಗೇಜಿನ ಬ್ಲೇಡುಗಳು ಮಡಚಿಲ್ಲದೆ, ತುಕ್ಕಿಲ್ಲದೆ ಇರಬೇಕು. ಸೊಟ್ಟಗಾದ ಹತ್ತು ಥೌ ಬ್ಲೇಡ್ ಹನ್ನೆರಡರಂತೆ ವರ್ತಿಸುತ್ತದೆ. ಹೆಡ್ ಗ್ಯಾಸ್ಕೆಟ್ಟನ್ನು ಇತ್ತೀಚೆಗೆ ಬದಲಾಯಿಸಿದ್ದರೆ ಮೊದಲು ಹೆಡ್ ನಟ್ಟುಗಳನ್ನು ಕೈಪಿಡಿಯ ಕ್ರಮದಲ್ಲಿ ಟಾರ್ಕ್ ಸ್ಪ್ಯಾನರ್‌ನಿಂದ ಪರೀಕ್ಷಿಸಿ, ಆಮೇಲೆ ಗ್ಯಾಪ್‌ಗೆ ಬನ್ನಿ. ಗ್ಯಾಸ್ಕೆಟ್ ಅದುಮಿಕೊಂಡಷ್ಟೂ ರಾಕರ್ ಶಾಫ್ಟ್ ಕ್ಯಾಮ್‌ಗೆ ಹತ್ತಿರವಾಗಿ ಗ್ಯಾಪ್ ಕಡಿಮೆಯಾಗುತ್ತದೆ.

ನಾಲ್ಕೂ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿಟ್ಟರೆ ಎಂಜಿನ್ ಕೈಯಲ್ಲೇ ಹಗುರವಾಗಿ ತಿರುಗುತ್ತದೆ. ಸ್ಟಾರ್ಟಿಂಗ್ ಹ್ಯಾಂಡಲ್ ಇದ್ದರೆ ಅದರಿಂದ, ಇಲ್ಲದಿದ್ದರೆ ಸಮತಟ್ಟಾದ ನೆಲದಲ್ಲಿ ಟಾಪ್ ಗೇರ್ ಹಾಕಿ ಕಾರನ್ನು ಮುಂದಕ್ಕೆ ಮೆಲ್ಲನೆ ತಳ್ಳಿಸಿ ತಿರುಗಿಸಿಕೊಳ್ಳಿ. ಸ್ಟಾರ್ಟರ್ ಮೋಟಾರ್ ಬಳಸಬೇಡಿ, ಬೇಕಾದ ಜಾಗದಲ್ಲಿ ಅದು ನಿಲ್ಲುವುದಿಲ್ಲ. ರೇಡಿಯೇಟರ್ ಕಡೆಯಿಂದ ವಾಲ್ವ್‌ಗಳನ್ನು ಒಂದರಿಂದ ಎಂಟರವರೆಗೆ ಎಣಿಸಿ: 1, 4, 5, 8 ಎಕ್ಸಾಸ್ಟ್, 2, 3, 6, 7 ಇನ್‌ಲೆಟ್. ಒಂದು ವಾಲ್ವ್ ಪೂರ್ತಿ ಕೆಳಗಿಳಿದು ತೆರೆದಿರುವಾಗ, ಅದರ ಸಂಖ್ಯೆಯನ್ನು ಒಂಬತ್ತರಿಂದ ಕಳೆದರೆ ಬರುವ ಸಂಖ್ಯೆಯ ವಾಲ್ವ್ ಕ್ಯಾಮ್‌ನ ಉಬ್ಬಿಗೆ ಸರಿಯಾಗಿ ವಿರುದ್ಧ ಬದಿಯಲ್ಲಿ ಇರುತ್ತದೆ; ಅದನ್ನು ಅಳೆಯಬೇಕು. ಎಂಟನೆಯದು ತೆರೆದಾಗ ಒಂದನೆಯದು, ಆರನೆಯದು ತೆರೆದಾಗ ಮೂರನೆಯದು, ಆಮೇಲೆ ನಾಲ್ಕಕ್ಕೆ ಐದು, ಏಳಕ್ಕೆ ಎರಡು, ಒಂದಕ್ಕೆ ಎಂಟು, ಮೂರಕ್ಕೆ ಆರು, ಐದಕ್ಕೆ ನಾಲ್ಕು, ಎರಡಕ್ಕೆ ಏಳು. ಈ ಅನುಕ್ರಮದಲ್ಲೇ ಹೋದರೆ 1-3-4-2 ಫೈರಿಂಗ್ ಆರ್ಡರಿಗೆ ಅದು ಹೊಂದಿಕೊಂಡು, ಎಂಜಿನ್ ಎರಡು ಸುತ್ತು ತಿರುಗುವಷ್ಟರಲ್ಲಿ ಎಂಟೂ ಮುಗಿಯುತ್ತವೆ, ಹಿಂದೆ ಮುಂದೆ ತಿರುಗಿಸುವ ಕಷ್ಟವಿರುವುದಿಲ್ಲ.

ಈಗ ಬಹಳ ಜನ ಬಿಟ್ಟುಬಿಡುವ ಹಂತಕ್ಕೆ ಬರುತ್ತೇನೆ. ಮೊದಲ ಸುತ್ತಿನಲ್ಲಿ ಯಾವ ಸ್ಕ್ರೂವನ್ನೂ ಮುಟ್ಟಬೇಡಿ. ಎಂಟು ವಾಲ್ವ್‌ಗಳ ಗ್ಯಾಪ್ ಈಗ ಎಷ್ಟಿದೆ ಎಂದು ಅಳೆದು, ದಿನಾಂಕ ಮತ್ತು ಓಡೋಮೀಟರಿನ ಅಂಕಿಯೊಂದಿಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಹತ್ತು ಥೌ ಎಂಬ ಅಂಕಿ ಎಲ್ಲ ಹೆರಾಲ್ಡ್‌ಗಳಿಗೂ ಒಂದೇ. ನಿಮ್ಮ ಎಂಜಿನ್ನಿನ ಒಳಗೆ ಏನು ನಡೆಯುತ್ತಿದೆ ಎಂದು ಹೇಳುವುದು ನೀವು ಕಂಡ ಅಂಕಿ. ಒಮ್ಮೆ ಸ್ಕ್ರೂ ತಿರುಗಿಸಿದಿರೆಂದರೆ ಆ ಮಾಹಿತಿ ಮತ್ತೆ ಸಿಗುವುದಿಲ್ಲ.

ಹೊಂದಿಸುವಾಗ ಲಾಕ್ ನಟ್ ಸಡಿಲಿಸಿ, ಹತ್ತರ ಬ್ಲೇಡಿಗೆ ಒಂದು ಹನಿ ಎಂಜಿನ್ ಆಯಿಲ್ ಸವರಿ ರಾಕರಿನ ಕೆಳಗೆ ತೂರಿಸಿ, ಸ್ಕ್ರೂವನ್ನು ನಿಧಾನವಾಗಿ ಬಿಗಿ ಮಾಡುತ್ತಾ ಬ್ಲೇಡನ್ನು ಆಚೀಚೆ ಎಳೆದು ನೋಡಿ. ಬ್ಲೇಡು ಸಿಕ್ಕಿಕೊಳ್ಳಬಾರದು, ಪೂರ್ತಿ ಸಡಿಲವಾಗಿಯೂ ಇರಬಾರದು. ಬೆರಳಿಗೆ ಒಂದು ಸಮನಾದ ಹಗುರ ಹಿಡಿತ ಸಿಗಬೇಕು. ಆ ಹದದಲ್ಲಿ ಸ್ಕ್ರೂ ಡ್ರೈವರನ್ನು ಅಲುಗದಂತೆ ಹಿಡಿದು ಲಾಕ್ ನಟ್ ಬಿಗಿ ಮಾಡಿ. ಬಿಗಿಯಾದಾಗ ನಟ್ ಸ್ಕ್ರೂವನ್ನು ತುಸು ಮೇಲಕ್ಕೆ ಎಳೆದುಕೊಳ್ಳುವುದರಿಂದ, ಮರೆ (ಥ್ರೆಡ್) ಸವೆದಿರುವ ಹಳೆಯ ರಾಕರುಗಳಲ್ಲಿ ಗ್ಯಾಪ್ ಅರ್ಧ ಥೌ, ಒಂದು ಥೌ ಹೆಚ್ಚುತ್ತದೆ. ಹಾಗಾಗಿ ನಟ್ ಬಿಗಿಯಾದ ಮೇಲೆ ಸಿಗುವ ಅಳತೆಯೇ ಲೆಕ್ಕ. ಬೆರಳಿನ ಹದದ ಮೇಲೆ ನಂಬಿಕೆ ಇಲ್ಲದವರಿಗೆ ಇನ್ನೊಂದು ದಾರಿ ಇದೆ: ಒಂಬತ್ತರ ಬ್ಲೇಡು ಸಲೀಸಾಗಿ ಹೋಗಬೇಕು, ಹನ್ನೊಂದರದ್ದು ಹೋಗಲೇಬಾರದು. ಮೊದಲ ಸಲ ಮಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ಎಂಟೂ ಮುಗಿದ ಮೇಲೆ ಇನ್ನೊಮ್ಮೆ ಎರಡು ಸುತ್ತು ತಿರುಗಿಸಿ ಎಲ್ಲವನ್ನೂ ಮತ್ತೆ ಅಳೆಯಿರಿ.

ಇಷ್ಟೆಲ್ಲ ಎಚ್ಚರದಿಂದ ಮಾಡಿದರೂ ಒಂದೆರಡು ವಾಲ್ವ್‌ಗಳು ಮೊಂಡಾಗಿ ಶಬ್ದ ಮಾಡುತ್ತಲೇ ಇದ್ದರೆ ರಾಕರಿನ ಮುಖ ನೋಡಬೇಕು. ಅರವತ್ತು ವರ್ಷದ ಎಂಜಿನ್ನಿನಲ್ಲಿ ರಾಕರಿನ ತುದಿ ವಾಲ್ವಿನ ತಲೆಯ ಮೇಲೆ ಕೋಟ್ಯಂತರ ಸಲ ಉಜ್ಜಿ ಉಜ್ಜಿ, ಅಲ್ಲಿ ಕಾಂಡದ ಅಗಲದಷ್ಟೇ ಒಂದು ಗುಳಿ ಬಿದ್ದಿರುತ್ತದೆ. ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟರೆ ಅದರ ಅಂಚು ಕಾಣುತ್ತದೆ, ಬೆರಳಿನ ಉಗುರು ಎಳೆದರೆ ತಡೆಯುತ್ತದೆ. ಫೀಲರ್ ಬ್ಲೇಡು ಆ ಗುಳಿಗಿಂತ ಅಗಲವಾದ್ದರಿಂದ ಗುಳಿಯ ಎರಡೂ ದಡಗಳ ಮೇಲೆ ಸೇತುವೆಯಂತೆ ಕೂತು ಹತ್ತು ಥೌ ಎಂದು ತೋರಿಸುತ್ತದೆ. ವಾಲ್ವಿನ ತಲೆ ಮಾತ್ರ ಗುಳಿಯ ತಳಕ್ಕೆ ಹೋಗಿ ತಾಗಬೇಕಾದ್ದರಿಂದ ಅಲ್ಲಿನ ನಿಜವಾದ ಗ್ಯಾಪ್ ಹದಿನೈದೋ ಹದಿನೆಂಟೋ ಆಗಿರುತ್ತದೆ. ನಿಮ್ಮ ಕಾರಿನ ಮೂಲ ಶಬ್ದಕ್ಕೆ ಇದೇ ಕಾರಣವಾಗಿದ್ದರೂ ಆಶ್ಚರ್ಯವಿಲ್ಲ, ಗೇಜ್ ಇಟ್ಟು ಸರಿ ಮಾಡಿದರೂ ನಿಲ್ಲದ ಶಬ್ದವನ್ನು ಕಿವಿಯಿಂದ ನಿಲ್ಲಿಸಲು ಹೊರಡುವುದು ಇಂಥ ಕಡೆಯೇ.

ಗುಳಿ ಬಿದ್ದ ರಾಕರ್ ಇರುವಾಗ ಸರಿಯಾಗಿ ಅಳೆಯಲು, ಸಣ್ಣ ಅಲುಗಾಟವನ್ನು ಮುಳ್ಳಿನಿಂದ ತೋರಿಸುವ ಡಯಲ್ ಗೇಜ್ ಬೇಕು. ಗೇಜಿನ ಮೊನೆಯನ್ನು ರಾಕರಿನ ವಾಲ್ವ್ ಕಡೆಯ ತುದಿಯ ಮೇಲಿಟ್ಟು, ರಾಕರನ್ನು ಬೆರಳಿನಿಂದ ಮೇಲೆ ಕೆಳಗೆ ಅಲುಗಿಸಿದರೆ ಎಷ್ಟು ಅಲುಗುತ್ತದೋ ಅದೇ ನಿಜವಾದ ಗ್ಯಾಪ್. ಡಯಲ್ ಗೇಜ್ ಇಲ್ಲದಿದ್ದರೆ ಸ್ಕ್ರೂವಿನ ಮರೆಯ ಲೆಕ್ಕದಿಂದ ಹೋಗಬಹುದು. ಉದಾಹರಣೆಗೆ, ಒಂದು ಪೂರ್ತಿ ಸುತ್ತಿಗೆ ಸ್ಕ್ರೂ 1 ಮಿ.ಮೀ. ಇಳಿಯುತ್ತದೆ, ರಾಕರಿನ ಅನುಪಾತ 1.5 ಇದೆ ಎಂದಿಟ್ಟುಕೊಂಡರೆ, ವಾಲ್ವಿನ ಕಡೆ ಅದು 1.5 ಮಿ.ಮೀ. ಆಗುತ್ತದೆ, 0.25 ಮಿ.ಮೀ. ಬೇಕಾದರೆ ಗ್ಯಾಪ್ ಸೊನ್ನೆಯಾಗುವ ತನಕ ಸ್ಕ್ರೂ ಹಗುರವಾಗಿ ಇಳಿಸಿ, ಅಲ್ಲಿಂದ ಸುತ್ತಿನ ಆರನೇ ಒಂದು ಭಾಗ ಹಿಂದಕ್ಕೆ ತಿರುಗಿಸಬೇಕು. ನಿಮ್ಮ ಸ್ಕ್ರೂವಿನ ಮರೆಯನ್ನು ಥ್ರೆಡ್ ಗೇಜಿನಿಂದ ಅಳೆದು ಈ ಲೆಕ್ಕ ಹಾಕಿಕೊಳ್ಳಿ. ಆದರೆ ಇವೆರಡೂ ತಾತ್ಕಾಲಿಕ ಉಪಾಯಗಳು. ರಾಕರ್ ಶಾಫ್ಟ್ ಬಿಚ್ಚಿ, ರಾಕರಿನ ಮುಖಗಳನ್ನು ಮೂಲ ಬಾಗು ಕೆಡದಂತೆ ಗ್ರೈಂಡ್ ಮಾಡಿಸುವುದೋ ಒಳ್ಳೆಯ ರಾಕರುಗಳನ್ನು ಹಾಕುವುದೋ ಶಾಶ್ವತ ಪರಿಹಾರ. ಬಿಚ್ಚಿದಾಗ ಶಾಫ್ಟಿನ ಕೆಳಮುಖದ ಸವೆತವನ್ನೂ, ಆಯಿಲ್ ತೂತುಗಳು ಕಟ್ಟಿಕೊಂಡಿವೆಯೇ ಎಂಬುದನ್ನೂ ನೋಡಿಕೊಳ್ಳಿ, ಪುಶ್ ರಾಡುಗಳನ್ನು ಗಾಜಿನ ಮೇಲೆ ಉರುಳಿಸಿ ಡೊಂಕಾಗಿವೆಯೇ ಎಂದು ಪರೀಕ್ಷಿಸಿ.

ಇನ್ನು ನೋಟ್‌ಬುಕ್ಕಿನ ಅಂಕಿಗಳನ್ನು ಓದುವ ಬಗೆ. ಸರಿಯಾಗಿ ಹೊಂದಿಸಿದ ಗ್ಯಾಪ್ ಕೆಲವು ನೂರು ಕಿಲೋಮೀಟರುಗಳಲ್ಲೇ ಮತ್ತೆ ಹೆಚ್ಚಾಗಿದ್ದರೆ ಕ್ಯಾಮ್ ಅಥವಾ ಟ್ಯಾಪೆಟ್ಟಿನ ಮುಖ ಸವೆಯುತ್ತಿದೆ ಎಂದು ಅನುಮಾನಿಸಬೇಕು. ಇಂಥ ಎಂಜಿನ್ನಿಗೆ ಸವೆತ ತಡೆಯುವ ಝಿಂಕ್ ಸಂಯುಕ್ತ ಸಾಕಷ್ಟಿರುವ 20ಡಬ್ಲ್ಯು-50 ಆಯಿಲ್ ಹಾಕುವುದು ಈ ಕಾರಣಕ್ಕಾಗಿ. ಗ್ಯಾಪ್ ತಾನಾಗಿಯೇ ಕಡಿಮೆಯಾಗುತ್ತಾ ಹೋಗಿದ್ದರೆ ಅದು ಇನ್ನೂ ಗಂಭೀರ, ಅದರಲ್ಲೂ ಎಕ್ಸಾಸ್ಟ್ ವಾಲ್ವ್‌ಗಳಲ್ಲಿ. ಈ ಎಂಜಿನ್ನುಗಳು ರೂಪುಗೊಂಡಾಗ ಪೆಟ್ರೋಲಿನಲ್ಲಿ ಸೀಸವಿತ್ತು. ಅದರ ಉರಿದ ಶೇಷ ಸೀಟಿನ ಮೇಲೆ ತೆಳುವಾಗಿ ಕೂತು, ಕಾದ ವಾಲ್ವೂ ಎರಕದ ಕಬ್ಬಿಣದ ಸೀಟೂ ಒಂದಕ್ಕೊಂದು ಅಂಟಿ ಕೀಳದಂತೆ ಕಾಪಾಡುತ್ತಿತ್ತು. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಮಾತ್ರ ಸಿಗುತ್ತಿದೆ. ಜನರ ಆರೋಗ್ಯದ ದೃಷ್ಟಿಯಿಂದ ಅದು ಆಗಲೇಬೇಕಿದ್ದ ಬದಲಾವಣೆ. ಹಳೆಯ ಸೀಟುಗಳಿಗೆ ಮಾತ್ರ ಆ ರಕ್ಷಣೆ ಹೋಯಿತು. ಸೀಟು ಸವೆದಂತೆ ವಾಲ್ವ್ ಹೆಡ್ಡಿನೊಳಕ್ಕೆ ಇಳಿಯುತ್ತದೆ, ಅದರ ಕಾಂಡ ಅಷ್ಟೇ ಮೇಲಕ್ಕೆ ಏರಿ ಗ್ಯಾಪನ್ನು ನುಂಗುತ್ತದೆ. ನಗರದೊಳಗೆ ಮೆಲ್ಲಗೆ ಓಡುವ ಕಾರಿನಲ್ಲಿ ಇದು ಬಹಳ ನಿಧಾನ, ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಗಂಟೆಗಟ್ಟಲೆ ಆಕ್ಸಿಲರೇಟರ್ ಒತ್ತಿ ಹಿಡಿದರೆ ಬೇಗ. ಕಡಿಮೆಯಾಗುವುದು ನಿಲ್ಲದಿದ್ದರೆ ಹೆಡ್ ಇಳಿಸಿ, ಗಟ್ಟಿ ಲೋಹದ ಸೀಟ್ ಇನ್ಸರ್ಟ್‌ಗಳನ್ನು ಹಾಕಿಸುವುದೇ ಸರಿ.

ನಿಮ್ಮ ಕಾರಿನಲ್ಲಿ ವಾಲ್ವ್ ಈಗಾಗಲೇ ಸುಟ್ಟಿದೆಯೇ ಎಂಬುದನ್ನೂ ತಿಳಿಯಬೇಕಲ್ಲ. ಗ್ಯಾಪ್ ಸರಿಪಡಿಸಿ, ಎಂಜಿನ್ ಬಿಸಿ ಮಾಡಿ, ಐಡ್ಲಿಂಗ್‌ನಲ್ಲಿ ಸೈಲೆನ್ಸರಿನ ಬಾಯಿಗೆ ಒಂದು ಕಾಗದದ ತುಂಡನ್ನು ಹಿಡಿಯಿರಿ. ಅದು ಹೊರಕ್ಕೆ ಒಂದೇ ಸಮನೆ ಬಡಿಯುತ್ತಿರಬೇಕು. ಲಯಬದ್ಧವಾಗಿ ನಡುನಡುವೆ ಒಳಕ್ಕೆ ಸೆಳೆದುಕೊಳ್ಳುತ್ತಿದ್ದರೆ ಒಂದು ಎಕ್ಸಾಸ್ಟ್ ವಾಲ್ವ್ ಮುಚ್ಚುತ್ತಿಲ್ಲ ಎಂಬ ಸಂಶಯ ಬಲವಾಗುತ್ತದೆ. ಅದನ್ನು ಖಚಿತಪಡಿಸುವುದು ಕಂಪ್ರೆಷನ್ ಪರೀಕ್ಷೆ, ಅಂದರೆ ಪ್ರತಿ ಸಿಲಿಂಡರಿನೊಳಗಿನ ಒತ್ತಡವನ್ನು ಗೇಜಿನಿಂದ ಅಳೆಯುವುದು. ಬಿಸಿ ಎಂಜಿನ್, ನಾಲ್ಕೂ ಪ್ಲಗ್ ಹೊರಗೆ, ಥ್ರಾಟಲ್ ಪೂರ್ತಿ ತೆರೆದು ಅಳೆಯಿರಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವುದರಿಂದ ಇಲ್ಲಿ ಗಾಳಿಯ ಒತ್ತಡವೇ ಶೇಕಡಾ 10ರಷ್ಟು ಕಡಿಮೆ, ಹಾಗಾಗಿ ಪುಸ್ತಕದ ಅಂಕಿಗಿಂತ ಅಷ್ಟು ಕಡಿಮೆ ಬಂದರೆ ಗಾಬರಿ ಬೇಡ. ನೋಡಬೇಕಾದದ್ದು ನಾಲ್ಕು ಸಿಲಿಂಡರುಗಳ ನಡುವಿನ ಅಂತರ. ಒಂದರಲ್ಲಿ ಮಾತ್ರ ತೀರಾ ಕಡಿಮೆ ಬಂದರೆ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ: ಏರಿದರೆ ದೋಷ ಪಿಸ್ಟನ್ ರಿಂಗಿನದು, ಏರದೇ ಇದ್ದರೆ ಹೆಚ್ಚಾಗಿ ವಾಲ್ವಿನದು. ವಾಲ್ವಿನದೇ ಆದರೆ ಇನ್ನು ಯಾವ ಟ್ಯಾಪೆಟ್ ಸೆಟ್ಟಿಂಗೂ ಅದನ್ನು ಗುಣಪಡಿಸದು, ಹೆಡ್ ಇಳಿಸಿ ವಾಲ್ವ್ ಬದಲಿಸಿ ಸೀಟ್ ಕಟ್ ಮಾಡಿಸಬೇಕು.

ಪರೀಕ್ಷೆಯಲ್ಲಿ ನಾಲ್ಕೂ ಸಮನಾಗಿ ಬಂದರೆ ನೀವು ಸಕಾಲದಲ್ಲಿ ಎಚ್ಚೆತ್ತಿದ್ದೀರಿ ಎಂದರ್ಥ. ಈಗ ನೀವು ಕಾಣಲಿರುವ ಕಡಿಮೆ ಗ್ಯಾಪ್ ಗ್ಯಾರೇಜಿನವರು ಬಿಗಿ ಮಾಡಿದ್ದರಿಂದ ಬಂದದ್ದೋ, ಸೀಟು ಸವೆದು ಬಂದದ್ದೋ ಎಂದು ಈ ಒಂದು ಅಳತೆಯಿಂದ ಹೇಳಲಾಗುವುದಿಲ್ಲ. ಹತ್ತು ಥೌಗೆ ಹೊಂದಿಸಿದ ಮೇಲೆ 500 ಕಿಲೋಮೀಟರ್ ಊರೊಳಗೇ ಓಡಿಸಿ, ಮತ್ತೊಂದು ತಣ್ಣನೆಯ ಬೆಳಿಗ್ಗೆ ಎಂಟನ್ನೂ ಅಳೆದು ಹಳೆಯ ಸಾಲಿನ ಕೆಳಗೆ ಬರೆಯಿರಿ. ಎಲ್ಲವೂ ಹತ್ತರಲ್ಲೇ ನಿಂತಿದ್ದರೆ ಮುಂದೆ ವರ್ಷಕ್ಕೊಮ್ಮೆ ನೋಡಿದರೆ ಸಾಕು, ನಂದಿ ಬೆಟ್ಟಕ್ಕೂ ಹೋಗಬಹುದು. 1, 4, 5, 8ರಲ್ಲಿ ಯಾವುದಾದರೂ ಎಂಟಕ್ಕೋ ಏಳಕ್ಕೋ ಇಳಿದಿದ್ದರೆ ಆ ಸೀಟು ಸವೆಯುತ್ತಿದೆ. ಮತ್ತೆ ಹತ್ತಕ್ಕೆ ತಂದು, ಹೆಡ್ ಕೆಲಸ ಮಾಡಿಸುವ ತನಕ ಪ್ರತಿ 500 ಕಿಲೋಮೀಟರಿಗೊಮ್ಮೆ ಅಳೆಯುತ್ತಿರಿ.